ಮೋರಖಂಡಿ ಮಾಳದ ಬಿಳಿ ಉನ್ಹಾಳಿ

ಉನ್ಹಾಳಿ ಗಿಡವನ್ನು ಗುರುತಿಸುವುದು ಸುಲಭ. ಎಲೆಯ ತುದಿ ಒಂದು ಕೈಯಲ್ಲಿ, ಬುಡ ಇನ್ನೊಂದು ಕೈಯಲ್ಲಿ ಹಿಡಿದು ಸಾವಕಾಶ ಜಗ್ಗಿರಿ. ಬೇರೆ ಎಲೆಯಾದರೆ ಹೇಗೆಂದರೆ ಹಾಗೆ ಹರಿಯುತ್ತದೆ. ಉನ್ಹಾಳಿ ಮಾತ್ರ ಬಾಣದ ಹಿಂಬದಿಯ ಸೀಳಿನ ಹಾಗೆ ಎರಡು ಚೂಪು ಬಿಟ್ಟು ಹರಿಯುತ್ತದೆ. ವೈದ್ಯರು ಅದನ್ನು ಶರಪುಂಖ ಅನ್ನುವುದು ಅದಕ್ಕೇ. ಹಕೀಮರ ಬಾಯಲ್ಲಿ ಸರಫೋಕಾ. ನಮ್ಮ ಬೀದರ ಸೀಮೆಯ ಒಣ ಮಾಳಗಳಲ್ಲಿ, ಹುಲ್ಲೂ ಸರಿಯಾಗಿ ಬಾರದ ಹರಳು ಮಣ್ಣಿನ ಮುರುಮಿನಲ್ಲಿ, ಮೊಣಕಾಲೆತ್ತರ ಬೆಳೆಯುವ ಕಾಡುಗಿಡ. ಹೂವು ನೇರಳೆ. ದಾರಿಬದಿಯಲ್ಲೆಲ್ಲ ಸಿಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ಬಿಳಿ ಹೂವಿನದು ಹಾಗಲ್ಲ. ಅದನ್ನು ಹುಡುಕುತ್ತ ಕೆಲವರು ವರ್ಷಗಟ್ಟಲೆ ತಿರುಗುತ್ತಾರೆ. ಬಿಳಿಯದರ ಬೇರಿಗೆ ಗುಣ ಹೆಚ್ಚೋ ಇಲ್ಲವೋ ನಾನು ಹೇಳಲಾರೆ. ಕೇಳುವವರು ಹೆಚ್ಚು, ಇಷ್ಟು ಗೊತ್ತು. ಹುಮನಾಬಾದಿನಲ್ಲಿ ಜಡಿಬೂಟಿ ಅಂಗಡಿ ಇಟ್ಟುಕೊಂಡಿರುವ ನನ್ನಂಥ ಹೆಣ್ಣುಮಗಳಿಗೆ ಅಷ್ಟು ಗೊತ್ತಿದ್ದರೆ ಸಾಕು.

ಮೋರಖಂಡಿಯ ಆಚೆ ಮಾಳದ ಒಂದು ಮೂಲೆಯಲ್ಲಿ ಬಿಳಿ ಉನ್ಹಾಳಿ ಇತ್ತು. ಹದಿನೆಂಟು ಗಿಡ. ಒಂಬತ್ತು ವರ್ಷ ಆ ಜಾಗವನ್ನು ನಾನು ಯಾರಿಗೂ ಹೇಳಿರಲಿಲ್ಲ. ಊರು ಬರುವ ಮೊದಲೇ ಬಸ್ಸಿನಿಂದ ಇಳಿದು, ತೊಗರಿ ಹೊಲಗಳ ನಡುವೆ ಸುತ್ತು ಹಾಕಿ ಮಾಳ ಹತ್ತುತ್ತಿದ್ದೆ. ಬರುವಾಗ ಚೀಲದ ತಳದಲ್ಲಿ ಬೇರು, ಮೇಲೆ ನಾಲ್ಕು ಸಗಣಿ ಕುಳ್ಳು. ಯಾರಾದರೂ ಎದುರಾದರೆ ಒಲೆಗೆ ಅಂತ ಹೇಳುವುದು. ಲಾಭದ ಜಾಗವನ್ನು ಬಾಯಿ ಬಿಡಬಾರದು ಎಂಬುದು ಈ ಕಸುಬಿನಲ್ಲಿ ಮೊದಲು ಕಲಿಯುವ ಪಾಠ. ಕಲಿಯುವವರಿಗೆ ನಾನು ಇನ್ನೊಂದನ್ನು ಸೇರಿಸಿ ಹೇಳುತ್ತೇನೆ: ಆ ಅಭ್ಯಾಸ ಒಂದು ಜಾಗಕ್ಕೇ ನಿಲ್ಲುವುದಿಲ್ಲ. ಆಮೇಲಾಮೇಲೆ ಜ್ವರ ಬಂದದ್ದನ್ನೂ ಯಾರಿಗೂ ಹೇಳದ ಹಾಗಾಗುತ್ತದೆ.

ಹೋದ ವರ್ಷ ತೊಗರಿ ಕಾಯಿ ಬಲಿಯುವ ಹೊತ್ತಿಗೆ ಮಾಳ ಹತ್ತಿದರೆ ಎಲ್ಲ ಕಡೆ ಕಬ್ಬಿಣದ ಗೂಟ. ತುದಿಗೆ ಕೆಂಪು ಬಣ್ಣ. ಒಂದು ಗೂಟ ನನ್ನ ಗಿಡಗಳ ನಡುವೆಯೇ ನೆಟ್ಟಿತ್ತು. ಆಚೆ ತಗಡಿನ ಶೆಡ್ಡಿನ ಮುಂದೆ ಒಬ್ಬ ಸುಪರವೈಜರ್ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ರಾಯಚೂರು ಕಡೆಯವನು. ಬಿಸಿಲಿನಿಂದ ಕರೆಂಟು ಮಾಡುವ ಪ್ಲೇಟು ಬರುತ್ತವೆ, ಮಾಳ ಪೂರಾ ಸಮ ಮಾಡುತ್ತಾರೆ ಅಂದ.

"ಯಾವಾಗ?"

"ಹದಿನೈದು ದಿನಕ್ಕ ಮಷಿನ್ ಬರ್ತದ್ರಿ, ಬಾಯಿ. ಯಾಕ, ನಿಮ್ಮ ಹೊಲ ಅದ ಏನು ಇಲ್ಲಿ?"

"ಹೊಲ ಎಲ್ಲಿಂದ ಬರಬೇಕಪಾ. ಆ ಮೂಲ್ಯಾಗ ಕಸಬರಿಗಿ ಕಡ್ಡಿ ಕೊಯ್ಕೋತೀನಿ. ಅದೊಂದು ಮೂಲಿ ಬಿಟ್ಟು ಮಾಡಾಕ ಬರಂಗಿಲ್ಲೇನು?"

ಅವನು ನಕ್ಕ. "ಕಸಬರಿಗಿ ಸಲುವಾಗಿ ಪ್ಲಾನ್ ಬದಲಿ ಮಾಡಂತ ಸಾಹೇಬರಿಗೆ ಹೇಳ್ಲೇನ್ರಿ? ನನ್ನೇ ಕಸಾ ಹೊಡದಂಗ ಹೊಡೀತಾರ."

ಚೌಕಾಸಿ ಗೊತ್ತಿದ್ದವರು ಸಿಗದ ವಸ್ತುವಿಗೆ ಜಗ್ಗಾಡುತ್ತ ಕೂರುವುದಿಲ್ಲ, ಸಿಗುವುದನ್ನು ಹಿಡಿಯುತ್ತಾರೆ. ಜಾಗ ಸಿಗುವುದಿಲ್ಲ, ದಿನ ಸಿಗಬಹುದು. ಮಷಿನ್ ಯಾವ ಕಡೆಯಿಂದ ಶುರು ಮಾಡುತ್ತದೆ ಅಂತ ಕೇಳಿದೆ. ನನ್ನ ಮೂಲೆಯಿಂದಲೇ. ಅವನ ಕೆಮ್ಮು ನನಗೆ ಆಗಲೇ ಕೇಳಿಸಿತ್ತು. ಮರುದಿನ ಜ್ಯೇಷ್ಠಮಧು, ಹಿಪ್ಪಲಿ ಕುಟ್ಟಿ ಒಂದು ಡಬ್ಬಿ ಒಯ್ದು ಕೊಟ್ಟೆ. ನಾಲ್ಕು ದಿನದ ಮೇಲೆ ಹೋದಾಗ ಅವನೇ ಹೇಳಿದ: "ಆ ಕಡಿಂದ ಶುರು ಮಾಡಸ್ತೀನ್ರಿ. ನಿಮ್ಮ ಮೂಲಿಗೆ ಬರೋದ್ರಾಗ ಇನ್ನೊಂದು ಐದು ದಿನ ಹೆಚ್ಚಿಗಿ ಹಿಡೀತದ. ಅದರ ಮ್ಯಾಲ ಕೇಳಬ್ಯಾಡ್ರಿ." ಅಂದರೆ ಎಲ್ಲ ಸೇರಿ ಇಪ್ಪತ್ತು ದಿನ.

ಬಸವಕಲ್ಯಾಣದ ಹಕೀಮ ಸಾಹೇಬರಿಗೆ ಫೋನು ಮಾಡಿದೆ. ನನ್ನ ಬಿಳಿ ಬೇರನ್ನೆಲ್ಲ ಒಯ್ಯುವವರು ಅವರೊಬ್ಬರೇ. ಎಲ್ಲಿಂದ ತರುತ್ತೀರಿ ಅಂತ ಒಮ್ಮೆಯೂ ಕೇಳಿದವರಲ್ಲ.

"ಬೆಹೆನ್, ಎಲ್ಲಾ ಅಗದು ನಿಮ್ಮ ಹತ್ತಿರ ಹಚ್ಕೊಳ್ರಿ," ಅಂದರು. "ಒಂದೇ ಜಗಾ, ನಿಮ್ಮ ಕಣ್ಣ ಮುಂದ. ಮತ್ತೊಬ್ಬರ ಕೈಗೆ ಹೋತಂದ್ರ ಹೋತು."

ನನ್ನ ಮನಸ್ಸಿನಲ್ಲೂ ಅದೇ ಇತ್ತು. ಹಾರೆ, ಗೋಣಿಚೀಲ, ಎರಡು ಕೊಡ ನೀರು ತೆಗೆದುಕೊಂಡು ಹೋದೆ. ಕೂಲಿಯವರನ್ನು ಕರೆಯಬಹುದಿತ್ತು. ಕರೆದರೆ ಜಾಗ ಬಯಲಾಗುತ್ತದೆ. ಇನ್ನೆರಡು ವಾರಕ್ಕೆ ಇಲ್ಲವಾಗುವ ಜಾಗವನ್ನೂ ನಾನು ಮುಚ್ಚಿಡುತ್ತಿದ್ದೆ ನೋಡಿ!

ಹಿಂದಿನ ಸಂಜೆ ಬುಡಕ್ಕೆ ನೀರು ಉಣಿಸಿ, ಬೆಳಿಗ್ಗೆ ಸುತ್ತ ಒಂದು ಗೇಣು ಬಿಟ್ಟು ಅಗೆದೆ. ಮೇಲಿನ ಗೇಣು ಮಣ್ಣು ಕೆಂಪು ಮುರುಮು, ಹಾರೆಗೆ ಬಗ್ಗುತ್ತದೆ. ಅದರ ಕೆಳಗೆ ಕೆಂಗಲ್ಲು. ಉನ್ಹಾಳಿಯ ತಾಯಿಬೇರು ಕಲ್ಲಿನ ಬಿರುಕಿನೊಳಗೆ ಇಳಿದಿರುತ್ತದೆ. ಗಿಡ ಮೊಣಕಾಲೆತ್ತರ ಇದ್ದರೆ ಬೇರು ಆಳುದ್ದ. ಔಷಧಕ್ಕೆ ತೆಗೆಯುವಾಗ ಅರ್ಧಕ್ಕೆ ತುಂಡಾದರೂ ನಡೆಯುತ್ತದೆ, ತುಂಡಿಗೂ ಗಿರಾಕಿ ಇದೆ. ನಡುವ ಗಿಡಕ್ಕೆ ಹಾಗೆ ನಡೆಯುವುದಿಲ್ಲ. ಆರು ಗಿಡ ತೆಗೆಯಲು ಎರಡು ದಿನ ಬೇಕಾಯಿತು, ಆರರ ತಾಯಿಬೇರೂ ಕಲ್ಲಿನಲ್ಲೇ ಉಳಿದವು. ಮಣ್ಣಿನ ಗಡ್ಡೆ ಒಡೆಯದ ಹಾಗೆ ಗೋಣಿಯಲ್ಲಿ ಸುತ್ತಿ, ಸಾಮಾನಿನ ಆಟೋದಲ್ಲಿ ಹುಮನಾಬಾದಿಗೆ ತಂದು ಮನೆಯ ಹಿಂದೆ ನೆಟ್ಟೆ. ಸೀರೆ ಕಟ್ಟಿ ನೆರಳು ಮಾಡಿದೆ. ಎರಡನೇ ದಿನ ಎಲೆ ಮಡಚಿಕೊಂಡವು. ನಾಲ್ಕನೇ ದಿನಕ್ಕೆ ಉದುರಿದವು. ಉಗುರಿನಿಂದ ಕಾಂಡ ಕೆರೆದು ನೋಡುತ್ತಿದ್ದೆ, ಒಳಗೆ ಹಸಿರು ಇದ್ದರೆ ಜೀವ ಇದೆ ಅಂತ. ಆರನೇ ದಿನ ಆರೂ ಕಂದು.

ಅಂದು ಅಂಗಡಿಯಲ್ಲಿ ಗಿರಾಕಿಯೊಬ್ಬರು ಯಾಕ್ರಿ ಬಾಯಿ, ಮುಖ ಸಣ್ಣ ಆಗೇದ ಅಂತ ಕೇಳಿದರು. ಏನಿಲ್ಲ, ನಿದ್ದಿಲ್ಲ ಅಂದೆ. ಮತ್ತೇನು ಹೇಳಲಿ? ಆರು ಕಾಡುಗಿಡ ಸತ್ತವು ಅಂತಲೇ?

ಉಳಿದದ್ದು ಹನ್ನೆರಡು ಗಿಡ, ಏಳು ದಿನ. ಬೀಜವೇ ಗತಿ.

ಇಲ್ಲಿ ನಾನು ಮಾಡಿದ ತಪ್ಪನ್ನು ತೊಗರಿ ಸೀಮೆಯವರು ಬಿಟ್ಟು ಬೇರೆ ಯಾರೂ ಮಾಡಲಿಕ್ಕಿಲ್ಲ. ಉನ್ಹಾಳಿ ಕಾಯಿ ನೋಡಲು ತೊಗರಿಯದೇ ತಮ್ಮ: ಚಪ್ಪಟೆ, ತುಸು ಬಾಗಿದ್ದು, ಬೆರಳಿನ ಎರಡು ಗೆಣ್ಣುದ್ದ. ನಮಗೆ ಸಣ್ಣಂದಿನಿಂದ ಕೈಗೆ ಹತ್ತಿದ ಕೆಲಸವೆಂದರೆ ತೊಗರಿ ಚೆನ್ನಾಗಿ ಒಣಗುವತನಕ ಬಿಡು, ಬಿಸಿಲೇರಿದ ಮೇಲೆ ಕೊಯ್, ಕಾಯಿ ಗಲಗಲ ಅಂದರೆ ಹದ ಬಂತು, ಮಾಳಿಗೆ ಮೇಲೆ ಹರವಿ ಬಡಿ. ನಾನೂ ಕಾದೆ. ನಡು ಮಧ್ಯಾಹ್ನ ಕುಡುಗೋಲು ಹಿಡಿದು ಕೂತೆ. ಮೊದಲ ಟೊಂಗೆ ಮುಟ್ಟಿದೆನೋ ಇಲ್ಲವೋ, ಚಟ್ ಅಂತ ಒಂದು ಸಪ್ಪಳ. ಆಮೇಲೆ ಮತ್ತೊಂದು. ಒಣಗಿದ ಕಾಯಿ ಎರಡು ಹೋಳಾಗಿ ಹಗ್ಗದ ಹಾಗೆ ಹುರಿಗೊಂಡು ಬೀಜವನ್ನು ಮಾರುದೂರ ಸಿಡಿಸುತ್ತದೆ. ಹೆಸರುಕಾಳಿಗಿಂತ ಸಣ್ಣ, ಬೂದಿ ಬಣ್ಣದ ಬೀಜ. ಮುರುಮಿನ ಹರಳಿನ ನಡುವೆ ಬಿದ್ದರೆ ಮುಗಿಯಿತು. ಮೊಣಕಾಲೂರಿ ಹುಡುಕಿದೆ. ಹತ್ತು ಹರಳು ಆರಿಸಿದರೆ ಒಂದು ಬೀಜ.

ಅಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ಕೊಯ್ದದ್ದನ್ನು ತಂದು ಮಾಳಿಗೆ ಮೇಲೆ ಬಿಸಿಲಿಗೆ ಹರವಿ ಅಂಗಡಿಗೆ ಹೋದೆ. ಸಂಜೆ ಬಂದು ನೋಡಿದರೆ ಬರೀ ಹುರಿಗೊಂಡ ಸಿಪ್ಪೆ. ಬೀಜ ಮಾಳಿಗೆಯ ಬಿರುಕಿಗೆ, ಪಕ್ಕದವರ ತಗಡಿನ ಮೇಲೆ, ಮೋರಿಗೆ. ಮೊರದಲ್ಲಿ ಕೇರಿದಾಗ ಒಂದು ಹಿಡಿ ಸಿಕ್ಕಿತು. ಅದರಲ್ಲೂ ಅರ್ಧ ಜೊಳ್ಳು.

ನೀವು ಇಂಥ ಬೀಜ ಕೂಡಿಸುವವರಾದರೆ ಕೇಳಿ. ಹೊತ್ತು ಮೂಡುವಾಗ, ಇಬ್ಬನಿಗೆ ಕಾಯಿ ಮೆತ್ತಗಿದ್ದಾಗ ಬಿಡಿಸಬೇಕು. ಪೂರಾ ಒಣಗಿದ್ದಲ್ಲ, ಹಳದಿ ತಿರುಗಿ ಅಂಚು ಕಂದಾದದ್ದು. ಕುಡುಗೋಲು ಬೇಡ, ಕೈ ಸಾಕು. ಬಿಡಿಸಿದ್ದನ್ನು ಬಟ್ಟೆಯ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ನೆರಳಿಗೆ ತೂಗುಹಾಕಬೇಕು. ಸಿಡಿಯುವುದು ಒಳಗೇ ಸಿಡಿಯಲಿ.

ಆದರೆ ಹೊತ್ತು ಮೂಡುವ ಮೊದಲು ಹುಮನಾಬಾದಿನಿಂದ ಆ ಮಾಳಕ್ಕೆ ಹೇಗೆ ಮುಟ್ಟುವುದು? ಮೋರಖಂಡಿಯಲ್ಲೇ ಉಳಿಯಬೇಕು. ಅಲ್ಲಿ ನನಗೆ ಗೊತ್ತಿದ್ದವಳು ಒಬ್ಬಳೇ. ಒಂದೂವರೆ ಎಕರೆ ಸ್ವಂತದ್ದು, ಉಳಿದ ದಿನ ಕೂಲಿ. ಬಜೆ, ಅಜವಾನ ಒಯ್ಯಲು ನನ್ನ ಅಂಗಡಿಗೆ ಬರುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ಸಣ್ಣವಳು. ಕೇಳಿದ ಕೂಡಲೇ ಪಡಸಾಲೆಯಲ್ಲಿ ಚಾಪೆ ಹಾಸಿದಳು.

"ನಸುಕಿನ್ಯಾಗ ಎಲ್ಲಿ ಹೋಗತಿ ಅಕ್ಕಾ, ಒಬ್ಬಾಕಿ?"

"ಸಕ್ಕರಿ ಕಾಯಿಲಿ ಅದ. ದಿನಾ ನಡೀಬೇಕಂತ ಡಾಕ್ಟರ್ ಹೇಳ್ಯಾರ."

"ಹೌದೇನು. ಹುಮನಾಬಾದನ್ಯಾಗ ರಸ್ತಾ ಇಲ್ಲೇನು ನಡೀಲಾಕ?" ಅಂದು ರೊಟ್ಟಿ ಬಡಿಯಲು ಕೂತಳು.

ಮೂರು ಮುಂಜಾನೆ ಒಬ್ಬಳೇ ಬಿಡಿಸಿದೆ. ಆಚೆ ಕಡೆ ಮಷಿನ್ ಬಂದಿತ್ತು. ಬೆಳಿಗ್ಗೆ ಅದು ಸುಮ್ಮನೆ ಕತ್ತು ಬಗ್ಗಿಸಿ ನಿಂತಿರುತ್ತಿತ್ತು. ಇಬ್ಬನಿಯಲ್ಲಿ ಬೆರಳು ಮರಗಟ್ಟುತ್ತಿದ್ದವು. ತುದಿಯಲ್ಲಿ ಇನ್ನೂ ಕೆಲವು ಹೂ ಅರಳಿದ್ದವು, ಬಿಳಿಯವು. ಅಷ್ಟು ದೂರದವರೆಗೂ ಒಂದು ದನಿ ಇಲ್ಲ. ಎಷ್ಟೋ ವರ್ಷ ಅಲ್ಲಿ ಹಾಗೇ ಕೂತಿದ್ದೆ. ಇಷ್ಟು ಒಂಟಿ ಅನಿಸಿರಲಿಲ್ಲ.

ನಾಲ್ಕನೇ ಮುಂಜಾನೆ ಬೆನ್ನ ಹಿಂದೆ ಬಳೆ ಸಪ್ಪಳ. ನೋಡಿದರೆ ಅವಳೇ. ಕೈಯಲ್ಲಿ ಎರಡು ಖಾಲಿ ಬಟ್ಟೆ ಚೀಲ.

"ಅಕ್ಕಾ, ಸಕ್ಕರಿ ಇಳೀತೇನು?"

ನಾನು ಚೀಲವನ್ನು ಸೆರಗಿನ ಕೆಳಗೆ ಎಳೆದುಕೊಂಡೆ.

"ಸುಳ್ಳು ಹೇಳಾಕ ಮತ್ತೊಂದು ಹುಡುಕಬ್ಯಾಡ," ಅಂದು ಎದುರು ಗಿಡಕ್ಕೆ ಕೂತು ಬಿಡಿಸತೊಡಗಿದಳು. ಒಣಗಿದ್ದು ಬಿಟ್ಟು, ಅಂಚು ಕಂದಾದದ್ದನ್ನೇ. "ಬಿಳಿ ಉನ್ಹಾಳಿ ಸಲುವಾಗಿ ನೀ ಬರೋದು ಊರಿಗೆಲ್ಲಾ ಗೊತ್ತದ. ಮೊದಲನೇ ವರ್ಷದಿಂದನೂ ಗೊತ್ತದ. ಕುಳ್ಳು ಹೊತಗೊಂಡು ಬಸ್ ಹತ್ತಾಕಿ ಯಾರು ಅದಾರ ಈ ಕಾಲದಾಗ? ನಾವು ಹೊಲದಾಗ ಕೂತು ನಗತಿದ್ದಿವಿ."

"ಗೊತ್ತಿದ್ದೂ ಯಾರೂ ಕೀಳಲಿಲ್ಲ?"

"ಒಬ್ಬಾಕಿ ಹೆಣ್ಣಮಗಳು, ಅದರ ಮ್ಯಾಲೆ ಅಂಗಡಿ ನಡಸ್ತಾಳ, ನಾವ್ಯಾಕ ಕೈ ಹಾಕೋದು? ಆಡಿನವರಿಗೆ ನಾವೇ ಹೇಳೀವಿ, ಆ ಮೂಲಿಗೆ ಬಿಡಬ್ಯಾಡ್ರಿ, ಅದು ಹುಮನಾಬಾದ ಬಾಯೀದು ಅಂತ."

"ನನಗೊಂದು ಮಾತು ಹೇಳಲಿಲ್ಲಲ್ಲ."

"ನೀ ಕೇಳಿದ್ದೇನು? ನಮ್ಮ ಕೂಡ ಮಾತಾಡಿದ್ದೇನು ಒಂದಿನಾ? ಅಂಗಡ್ಯಾಗ ಬಜಿ ತೂಗಿ ಕೊಟ್ಟು ಮುಂದಿನವರು ಬರ್ರಿ ಅಂತಿದ್ದಿ."

ಅವಳು ಬೈಯುತ್ತಿರಲಿಲ್ಲ. ಕಾಯಿ ಬಿಡಿಸುತ್ತ, ಬೆಲೆ ಹೇಳುವಷ್ಟೇ ಸರಳವಾಗಿ ಹೇಳುತ್ತಿದ್ದಳು. ನಾನು ತಲೆ ಬಗ್ಗಿಸಿ ನನ್ನ ಗಿಡದ ಕಾಯಿ ಬಿಡಿಸಿದೆ. ಪಕ್ಕದಲ್ಲಿ ಒಬ್ಬಳು ಬಂದು ಕೂತಾಗ ಹಗುರಾಗಬೇಕಿತ್ತು. ಆಗಲಿಲ್ಲ. ಒಂಬತ್ತು ವರ್ಷ ಒಬ್ಬಳೇ ಹೊತ್ತದ್ದು ಹೊರಬೇಕಾದದ್ದೇ ಆಗಿರಲಿಲ್ಲ ಅಂತ ತಿಳಿದಾಗ ಆ ಒಂಬತ್ತು ವರ್ಷ ಇನ್ನಷ್ಟು ಉದ್ದ ಕಾಣುತ್ತದೆ.

ಐದನೇ ದಿನ ಮಷಿನ್ ನಮ್ಮ ಮೂಲೆಗೆ ಬಂತು. ಸುಪರವೈಜರ್ ಮಾತಿಗೆ ತಪ್ಪಲಿಲ್ಲ. ಅದು ಒಂದು ಸಲ ಮುಂದೆ, ಒಂದು ಸಲ ಹಿಂದೆ ಬಂದದ್ದಷ್ಟೇ. ನಾನು ದೂರ ನಿಂತಿದ್ದೆ. ಅವಳು ಕೂಲಿಗೆ ಹೋಗಿದ್ದಳು.

ಎಲ್ಲ ಸೇರಿ ಚಹಾದ ಲೋಟದ ತುಂಬ ಬೀಜ ಆಯಿತು. ನೂರು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಹತ್ತು ದಿನಕ್ಕೆ ಮೊಳೆತದ್ದು ಆರು. ಆ ಬೀಜದ ತೊಗಟೆ ಕಲ್ಲು, ನೀರನ್ನು ಒಳಗೆ ಬಿಡುವುದಿಲ್ಲ. ಬಿಸಿನೀರಿನಲ್ಲಿ ನೆನೆಸಿ ನೋಡಿದೆ, ಒಂದಿಷ್ಟು ಮೊಳೆತವು, ಒಂದಿಷ್ಟು ಬೆಂದೇ ಹೋದವು. ಕೊನೆಗೆ ದಪ್ಪ ಉಸುಕು ಬೆರೆಸಿ ಒರಟು ಗೋಣಿಯ ನಡುವೆ ಇಟ್ಟು, ಅಂಗೈಯಿಂದ ಬೀಜದ ಹೊಳಪು ಹೋಗುವವರೆಗೆ ತಿಕ್ಕಿದೆ. ನೂರಕ್ಕೆ ಅರವತ್ತರ ಮೇಲೆ ಮೊಳೆತವು. ಲೋಟದ ಮೂರರಲ್ಲಿ ಒಂದು ಪಾಲು ಈ ಕಲಿಕೆಗೇ ಹೋಯಿತು. ಹೋಗಲಿ, ಕಲಿಯುವುದಕ್ಕೂ ಬೀಜ ಬೇಕು.

ಉಳಿದದ್ದನ್ನು ಎಲ್ಲಿ ಬಿತ್ತುವುದು? ಹುಮನಾಬಾದಿನ ಪಕ್ಕದ ಹುಡಗಿ ಊರಿನಲ್ಲಿ ಒಂದು ತುಂಡು ಮುರುಮು ಜಾಗ ವರ್ಷಕ್ಕೆ ಗೊತ್ತು ಮಾಡಿ, ಬೇಲಿ ಹಾಕಿಸಿದ್ದೆ. ಅಷ್ಟೂ ಅಲ್ಲೇ ಬಿತ್ತುವುದು ಅಂತ ನನ್ನ ಲೆಕ್ಕ. ಹಕೀಮರದೂ ಅದೇ ಮಾತು. ಆದರೆ ಮಳೆಗಾಲ ಹತ್ತಿರ ಬಂದಂತೆ ಮನಸ್ಸು ತಡೆಯಿತು. ಒಂದೇ ಹಿತ್ತಲಲ್ಲಿ ನೆಟ್ಟ ಆರೂ ಗಿಡ ಒಟ್ಟಿಗೆ ಸತ್ತಿದ್ದವು. ಒಂದೇ ಮಾಳಿಗೆಯ ಬೀಜ ಒಂದೇ ಮಧ್ಯಾಹ್ನ ಸಿಡಿದುಹೋಗಿತ್ತು. ನನ್ನ ಕಣ್ಣ ಮುಂದೆ ಇದ್ದದ್ದೆಲ್ಲ ಹೋಗಿತ್ತು. ಒಂಬತ್ತು ವರ್ಷ ಉಳಿದದ್ದು ಬೇರೆಯವರ ಕಣ್ಣ ಮುಂದೆ ಇದ್ದದ್ದು.

ನಾಲ್ಕು ಪೊಟ್ಟಣ ಕಟ್ಟಿದೆ. ಒಂದು ನನಗೆ, ಒಂದು ಹಕೀಮರಿಗೆ, ಒಂದು ಅಂಗಡಿಗೆ ಆಗಾಗ ಬೇರು ತಂದುಕೊಡುವ ಕೊಡಂಬಲದ ಒಬ್ಬ ಆಡಿನವನಿಗೆ, ಒಂದು ಮೋರಖಂಡಿಯವಳಿಗೆ. ಯಾವುದಕ್ಕೂ ಬೆಲೆ ಇಲ್ಲ, ಕರಾರು ಇಲ್ಲ. ನನ್ನ ಕೈಗೆ ಅಂಥದ್ದು ರೂಢಿಯಿಲ್ಲ. ಮೋರಖಂಡಿಯವಳಿಗೆ ಕೊಡುವಾಗ ಪೊಟ್ಟಣವನ್ನು ಹಿಡಿದೇ ನಿಂತಿದ್ದೆ.

"ಬಿಡು ಅಕ್ಕಾ, ನಾ ಹಿಡದೀನಿ," ಅಂದಳು.

ಶೀಶೆಯಲ್ಲಿ ಒಂದು ಚಿಟಿಕೆ ಗುಟ್ಟಾಗಿ ಇಟ್ಟುಕೊಂಡಿದ್ದೆ. ಅದಕ್ಕೆ ನುಸಿ ಬಿತ್ತು. ಬೂದಿ ಬೆರೆಸಿ ಇಡಬೇಕಿತ್ತು. ನೀವು ಮರೆಯಬೇಡಿ.

ಮಳೆ ಬಂತು. ಹಕೀಮರು ಕುಂಡದಲ್ಲಿ ಬಿತ್ತಿ, ಪ್ರೀತಿಯಿಂದ ದಿನಕ್ಕೆ ಎರಡು ಸಲ ನೀರು ಹಾಕಿ ಕೊಳೆಸಿದರು. ಮಾಳದ ಗಿಡಕ್ಕೆ ಅಷ್ಟು ಪ್ರೀತಿ ತಡೆಯುವುದಿಲ್ಲ. ಕೊಡಂಬಲದವನ ಆಡುಗಳೇ ಅವನ ಗಿಡ ಮೇಯ್ದವು. ಹುಡಗಿಯಲ್ಲಿ ನನಗೆ ಒಂಬತ್ತು ಗಿಡ ನಿಂತವು. ದಸರೆಗೆ ಮುಂಚೆ ಮೊಗ್ಗು ಬಂದಾಗ ವಾರವಿಡೀ ಅಂಗಡಿ ಮುಚ್ಚಿ ಅಲ್ಲೇ ಕೂತೆ. ಒಂದೊಂದಾಗಿ ಅರಳಿದವು. ಒಂಬತ್ತೂ ನೇರಳೆ.

ಬೇಲಿಯ ಹತ್ತಿರ ಕೂತು ಲೆಕ್ಕ ಹಾಕಿದೆ. ಮಾಳದಲ್ಲಿ ಬಿಳಿಯವುಗಳ ನಡುವೆ ಪ್ರತಿ ವರ್ಷ ನೇರಳೆಯವೂ ಹುಟ್ಟುತ್ತಿದ್ದವು. ಬಿಳಿಯದನ್ನು ಉಳಿಸಿಕೊಂಡು ನಾನು ಮೊದಲು ಅವನ್ನೇ ಕಿತ್ತು ಮಾರುತ್ತಿದ್ದೆ. ಮಾರುವ ಅವಸರದಲ್ಲಿ ನನಗೇ ಗೊತ್ತಿಲ್ಲದೆ ಆ ಮೂಲೆಯನ್ನು ಬಿಳಿಯಾಗಿ ಇಟ್ಟಿದ್ದೆ. ಕೊನೆಯ ವರ್ಷ ಹೂವಿನ ಕಾಲದಲ್ಲಿ ಬೇರು ಕೀಳಲು ಹೋಗಿರಲಿಲ್ಲ. ಸುತ್ತಲಿನ ನೇರಳೆ ಹೂವಿನಿಂದ ಹುಳ ಹಾರಿ ಬಂದು ಬೀಜ ಬೆರೆತಿರಬೇಕು.

ಇನ್ನು ಮೋರಖಂಡಿ. ಫೋನು ಮಾಡಲು ಧೈರ್ಯ ಆಗಲಿಲ್ಲ, ನೇರ ಹೋದೆ. ಅವಳು ಬದುವಿನಲ್ಲಿ ಕಳೆ ತೆಗೆಯುತ್ತಿದ್ದಳು. ಬದುವಿನುದ್ದಕ್ಕೂ ಹನ್ನೊಂದು ಗಿಡ. ಎಂಟು ನೇರಳೆ. ಕೊನೆಯಲ್ಲಿ, ಕಲ್ಲಿನ ರಾಶಿಯ ಪಕ್ಕ, ಮೂರು ಬಿಳಿ.

ನಾನು ಅವುಗಳ ಮುಂದೆ ಕೂತೆ. ಎಲೆ ಹರಿದು ನೋಡುವ ಅಗತ್ಯ ಇರಲಿಲ್ಲ. ಆದರೂ ಒಂದು ಹರಿದೆ.

"ನೇರಳೆವು ಎಂಟೂ ಇವತ್ತೇ ಕಿತ್ತು ಒಗೀಬೇಕು," ಅಂದೆ. "ಇಲ್ಲಂದ್ರ ಬರೋ ವರ್ಷ ಇವೂ ಕೆಡ್ತಾವ. ಬಿಳಿ ಹೂವಿಗೆ ತೆಳು ಅರಿವಿ ಕಟ್ಟಬೇಕು, ಹುಳಾ ಕೂಡಬಾರದು. ಬೀಜಾ ಬಂದ ಮ್ಯಾಲ ಒಂದು ಗಿಡದ ಬೇರು ತಗದು..."

"ಬೇರು ತಗಿಯಂಗಿಲ್ಲ," ಅಂದಳು.

"ಒಂದಷ್ಟೇ. ಎರಡು ಉಳೀತಾವ."

"ಮೂರೂ ಉಳೀತಾವ. ನೇರಳೆವು ಎಂಟೂ ನೀ ಒಯ್ಯಿ, ನಿನ್ನ ಅಂಗಡಿಗೆ ಆತು. ಅರಿವಿ ನಾ ಕಟ್ತೀನಿ. ಬೀಜಾ ಬಂದ್ರ ನಿನಗೂ ಕೊಡ್ತೀನಿ, ಕೇಳಿದವರಿಗೆಲ್ಲಾ ಕೊಡ್ತೀನಿ. ಬೇರು ಮಾತ್ರ ಮುಟ್ಟಂಗಿಲ್ಲ. ಹೂಂ ಅಂತಿಯೋ ಇಲ್ಲೋ?"

ಎದುರಿನವರು ಹೇಳಿದ ಮೊದಲ ಮಾತಿಗೆ ನಾನು ಎಂದೂ ಒಪ್ಪಿದವಳಲ್ಲ. ಬಾಯಲ್ಲಿ ಇನ್ನೊಂದು ಮಾತು ಸಿದ್ಧವೇ ಇತ್ತು. ನುಂಗಿದೆ. ಹೂಂ ಅಂದೆ.

ಮಳೆಯ ಹಸಿಗೆ ಬದುವಿನ ಮಣ್ಣು ಮೆತ್ತಗಿತ್ತು. ಎಂಟರ ಬೇರೂ ತುಂಡಾಗದೆ ಬಂದವು. ಅವಳು ಹಳೇ ಸೀರೆಯ ಸೆರಗು ಹರಿದು ಒಂದು ಬಿಳಿ ಹೂಗೊಂಚಲಿಗೆ ಕಟ್ಟಿದಳು. ದಾರ ಬಿಗಿಯಾಯಿತು, ಸಡಿಲ ಮಾಡು ಅಂತ ನಾನು ಹೇಳಿದೆ. ಗೊತ್ತದ ಅಂದಳು. ಆಮೇಲೆ ಜೊತೆಯವರು ಕೂಗಿದರೆಂದು ಆಚೆ ಹೊಲಕ್ಕೆ ಹೋದಳು. ಅವರೆಲ್ಲ ಏನೋ ಹೇಳಿ ನಗುತ್ತಿದ್ದದ್ದು ಬದುವಿನವರೆಗೂ ಕೇಳುತ್ತಿತ್ತು. ನಾನು ಬೇರು ಕಟ್ಟಿಕೊಂಡು ರಸ್ತೆಗೆ ನಡೆದೆ.

ಬಸ್ಸಿನಲ್ಲಿ ಬೇರಿನ ಕಟ್ಟು ತೊಡೆಯ ಮೇಲೆ. ಪಕ್ಕದ ಸೀಟು ಹುಮನಾಬಾದಿನವರೆಗೂ ಖಾಲಿ. ನಡುದಾರಿಯಲ್ಲಿ ಹಕೀಮರ ಫೋನು ಬಂತು.

"ಬೆಹೆನ್, ಸಫೇದ್ ಹೂವಿಂದು ಎಲ್ಲಿಯಾದ್ರೂ ಸಿಕ್ತೇನು?"

"ಸಿಕ್ಕದ್ರಿ ಹಕೀಮ ಸಾಹೇಬ್ರ," ಅಂದೆ. "ಆದ್ರ ಅದು ನಂದಲ್ಲ."